ಸುನೌಲಿ ದಾಟಿ ಬಂದವರ ಕಾಗದಪತ್ರ: ಸರ್ಕಾರಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಕಾರ್ಮಿಕ ಇಲಾಖೆಯ ಕಾರ್ಯದರ್ಶಿಗಳಿಗೆ,
ಭವಿಷ್ಯ ನಿಧಿ ಸಂಘಟನೆಯ ಕೇಂದ್ರ ಆಯುಕ್ತರಿಗೆ,
ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯಕ್ಕೆ

ಮಾನ್ಯರೇ,

ಗೋರಖ್‌ಪುರದ ರೈಲು ಯಶವಂತಪುರಕ್ಕೆ ಬಂದು ನಿಂತಾಗ ಇಳಿಯುವವರಲ್ಲಿ ನೇಪಾಳದವರೂ ಇರುತ್ತಾರೆ. ಅವರು ನೇಪಾಳದ ಭೈರಹವಾ ಕಡೆಯಿಂದ ನಡೆದು ಗಡಿ ಊರಾದ ಸುನೌಲಿಯ ಗೇಟು ದಾಟಿ, ಬಸ್ಸು ಹಿಡಿದು ಗೋರಖ್‌ಪುರ ಸೇರಿ, ಅಲ್ಲಿಂದ ಎರಡು ದಿನದ ಪ್ರಯಾಣ ಮಾಡಿ ಬಂದವರು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಾವಲು, ಹೋಟೆಲುಗಳ ಅಡುಗೆಮನೆ, ರಸ್ತೆ ಬದಿಯ ಮೊಮೊ ಗಾಡಿ, ಕಟ್ಟಡದ ಕೆಲಸ, ಮನೆಗೆಲಸ ಹೀಗೆ ಅವರ ದುಡಿಮೆ ನಮ್ಮೆಲ್ಲರ ಕಣ್ಣೆದುರಿಗೇ ಇದೆ. ವಲಸೆ ಕಾರ್ಮಿಕರ ದಾಖಲೆ, ಭವಿಷ್ಯ ನಿಧಿ (ಪಿಎಫ್), ಪರಿಹಾರ, ಶಾಲಾ ದಾಖಲಾತಿಯ ಕೆಲಸಗಳಲ್ಲಿ ತೊಡಗಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ.

ಇವರು ಇಲ್ಲಿ ಇರುವುದು ಯಾರ ದಯೆಯಿಂದಲೂ ಅಲ್ಲ. 1950ರ ಜುಲೈ 31ರಂದು ಸಹಿಯಾದ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೇ ವಿಧಿ ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರದ ವಿಷಯದಲ್ಲಿ ಪರಸ್ಪರ ಸಮಾನ ಸವಲತ್ತು ಕೊಡುತ್ತದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯ ವಿನಾಯಿತಿ ಆದೇಶವೂ ಇದನ್ನು ಉಳಿಸಿಕೊಂಡಿದೆ. ನೇಪಾಳದ ಗಡಿಯಿಂದ ಭೂಮಾರ್ಗದಲ್ಲೋ ವಿಮಾನದಲ್ಲೋ ಬರುವ ನೇಪಾಳಿ ಪ್ರಜೆಗೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಬರುವ ಹಕ್ಕಿನ ಬಗ್ಗೆ ತಕರಾರಿಲ್ಲ. ಬಂದವನು ಬ್ಯಾಂಕಿನ, ಪಿಎಫ್ ಕಚೇರಿಯ, ಶಾಲೆಯ ಕೌಂಟರಿನ ಮುಂದೆ ನಿಂತಾಗ ಆ ಹಕ್ಕು ಕೆಲಸಕ್ಕೆ ಬರುವುದಿಲ್ಲ ಎಂಬುದೇ ನಮ್ಮ ದೂರು. ಹೆಚ್ಚಿನ ಕಡೆ ಇದಕ್ಕೆ ಕಾರಣ ಕಾನೂನಲ್ಲ, ಒಂದಕ್ಕೊಂದು ಹೊಂದದ ಕಾಗದ. ಆದ್ದರಿಂದ ಒಪ್ಪಂದ ತಿದ್ದುವ ದೊಡ್ಡ ಮಾತಿಗೆ ಕಾಯಬೇಕಿಲ್ಲ. ಬಹುಪಾಲು ತೊಡಕುಗಳು ಸುತ್ತೋಲೆಯ ಮಟ್ಟದಲ್ಲೇ ಬಿಡಿಸುವಂಥವು.

ಮೊದಲು ತಾರೀಕಿನ ವಿಷಯ. ನೇಪಾಳದವರ ಮೂಲ ದಾಖಲೆ ಎಂದರೆ 16 ತುಂಬಿದ ಮೇಲೆ ಜಿಲ್ಲಾ ಆಡಳಿತ ಕಚೇರಿ ಕೊಡುವ ಪೌರತ್ವ ಪ್ರಮಾಣಪತ್ರ. ಅವರ ಬಾಯಲ್ಲಿ ಅದು ‘ನಾಗರಿಕತಾ’. ಅದರ ಮೇಲಿನ ಜನ್ಮದಿನ ಇರುವುದು ವಿಕ್ರಮ ಶಕೆಯ ಲೆಕ್ಕದಲ್ಲಿ. ಅಲ್ಲಿ ವರ್ಷ ಶುರುವಾಗುವುದು ಏಪ್ರಿಲ್ ಮಧ್ಯದಲ್ಲಿ. ಅದರಿಂದ ಇಂಗ್ಲಿಷ್ ವರ್ಷ ತಿಳಿಯಲು ವೈಶಾಖದಿಂದ ಪುಷ್ಯದ ನಡುವಿನವರೆಗೆ ಹುಟ್ಟಿದವರಿಗೆ 57 ಕಳೆಯಬೇಕು. ಪುಷ್ಯದ ಉತ್ತರಾರ್ಧದಿಂದ ಚೈತ್ರದ ಕೊನೆಯವರೆಗೆ ಹುಟ್ಟಿದವರಿಗೆ 56. ಈ ವ್ಯತ್ಯಾಸ ತಿಳಿಯದ ಗುಮಾಸ್ತರು ಎಲ್ಲರಿಗೂ 57 ಕಳೆಯುತ್ತಾರೆ. 2052ರ ಮಾಘದಲ್ಲಿ ಹುಟ್ಟಿದವನು 1996ರ ಜನವರಿ-ಫೆಬ್ರುವರಿಯವನು. ಒಂದು ಕಚೇರಿಯ ಕಡತದಲ್ಲಿ ಅವನು 1995ರವನಾಗುತ್ತಾನೆ, ಮುಂದಿನ ಕಚೇರಿಯಲ್ಲಿ 1996ರವನು. ಎರಡೂ ಕಾಗದ ಅಸಲಿಯೇ, ಆದರೂ ಅರ್ಜಿ ತಿರಸ್ಕಾರವಾಗುತ್ತದೆ.

ದಿನದ ಲೆಕ್ಕ ಇನ್ನೂ ಕಷ್ಟ. ನೇಪಾಳಿ ತಿಂಗಳಿಗೆ 29ರಿಂದ 32 ದಿನಗಳಿರುತ್ತವೆ, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಷಾಢ 32ರಂದು ಹುಟ್ಟಿದವರು ನಿಜವಾಗಿಯೂ ಇದ್ದಾರೆ. ಅಲ್ಲಿ ಎರಡನೆಯ ತಿಂಗಳಾದ ಜ್ಯೇಷ್ಠದ 31ರಂದು ಹುಟ್ಟಿದವನ ತಾರೀಕನ್ನು ಹಾಗೆಯೇ ತುಂಬಿದರೆ ಕಂಪ್ಯೂಟರು ಅದನ್ನು ಫೆಬ್ರುವರಿ 31 ಎಂದು ಓದಿ ಹಿಂದಕ್ಕೆ ತಳ್ಳುತ್ತದೆ. ಆಗ ಕೌಂಟರಿನಲ್ಲಿ ಕೂತವರು ‘ಜನವರಿ 1 ಹಾಕಿಬಿಡಿ’ ಎನ್ನುತ್ತಾರೆ. ಆ ಜನವರಿ 1 ಆಧಾರ್‌ಗೂ ಬ್ಯಾಂಕಿಗೂ ಪಿಎಫ್‌ಗೂ ಹಬ್ಬಿ, ಕೊನೆಗೆ ನಾಗರಿಕತಾದ ಜತೆ ಯಾವುದೂ ಹೊಂದುವುದಿಲ್ಲ. ಕೂಡಿ ಕಳೆಯುವ ಸೂತ್ರದಿಂದ ಇದು ಬಗೆಹರಿಯದು, ವರ್ಷವಾರು ಕೋಷ್ಟಕವೇ ಬೇಕು. ನೇಪಾಳದಲ್ಲಿ ಅಂಥ ಪಂಚಾಂಗ ಕೋಷ್ಟಕಗಳು ದಿನಬಳಕೆಯಲ್ಲಿವೆ. ಎರಡು ಸರ್ಕಾರಗಳು ಒಪ್ಪಿದ ಒಂದೇ ಕೋಷ್ಟಕವನ್ನು ಎಲ್ಲ ಕಚೇರಿಗಳಿಗೂ ಕಳುಹಿಸಿ, ಮೂಲ ತಾರೀಕು ಮತ್ತು ಪರಿವರ್ತಿತ ತಾರೀಕು ಎರಡನ್ನೂ ಕಡತದಲ್ಲಿ ಬರೆಯಲು ಹೇಳಿದರೆ ಸಾಕು. ಖರ್ಚಿಲ್ಲದ ಕೆಲಸ ಇದು. ನಮ್ಮ ಲೆಕ್ಕದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸವೂ ಇದೇ.

ಹೆಸರಿನದು ಎರಡನೆಯ ಗಂಟು. ನಮ್ಮೂರುಗಳಲ್ಲಿ ನೇಪಾಳದ ಕಾವಲುಗಾರ ಎಂದರೆ ಯಾರೇ ಇರಲಿ ‘ಬಹದ್ದೂರ್’. ಅದು ಅನೇಕರ ಹೆಸರಿನ ನಡುವಿನ ಪದ ಮಾತ್ರ, ಮನೆತನದ ಹೆಸರಲ್ಲ. ಮೇಸ್ತ್ರಿ ಅಥವಾ ಏಜೆನ್ಸಿಯವರು ಹಾಜರಿ ಪುಸ್ತಕದಲ್ಲಿ ‘ರಾಮ್ ಬಹದ್ದೂರ್’ ಎಂದಷ್ಟೇ ಬರೆದು ಥಾಪಾ, ಬುಢಾ, ಮಗರ್ ಎಂಬ ಮನೆತನದ ಹೆಸರನ್ನು ಬಿಟ್ಟರೆ, ಅದೇ ಪಿಎಫ್ ಖಾತೆಗೂ ಹೋಗುತ್ತದೆ. ಹಳೆಯ ನಾಗರಿಕತಾಗಳು ಕೈಬರಹದವು, ನೇಪಾಳಿ ಭಾಷೆಯವು. ಇಂಗ್ಲಿಷಿಗೆ ತರುವಾಗ ಒಬ್ಬೊಬ್ಬರು ಒಂದೊಂದು ಅಕ್ಷರ ಬಳಸುತ್ತಾರೆ. ಒಬ್ಬ ಮನುಷ್ಯನನ್ನು ಅವನ ಪೂರ್ತಿ ಹೆಸರಿನಿಂದ ಕರೆಯುವುದು ಮರ್ಯಾದೆಯ ಮಾತು, ಜತೆಗೆ ಅವನ ಉಳಿತಾಯದ ಪ್ರಶ್ನೆಯೂ ಹೌದು. ಕೆಲಸಕ್ಕೆ ಸೇರಿಸಿಕೊಂಡ ದಿನವೇ ನಾಗರಿಕತಾದ ಎರಡೂ ಬದಿಯ ಪ್ರತಿ ತೆಗೆದು, ಅದರಲ್ಲಿರುವಂತೆಯೇ ಹೆಸರು, ತಂದೆಯ ಹೆಸರು, ಜಿಲ್ಲೆ ಮತ್ತು ಕ್ರಮಸಂಖ್ಯೆಯನ್ನು ದಾಖಲಿಸಬೇಕೆಂದು ಕಾರ್ಮಿಕ ಇಲಾಖೆ ಮಾಲೀಕರಿಗೆ ಬರೆದು ತಿಳಿಸಲಿ.

ಆಧಾರ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ನೇಪಾಳಿ ಪ್ರಜೆ ಕಾನೂನುಬದ್ಧವಾಗಿಯೇ ಆಧಾರ್ ಪಡೆಯಬಹುದು; ಅದರ ಅವಧಿ 10 ವರ್ಷ. ಪಾಸ್‌ಪೋರ್ಟ್ ಇದ್ದರೆ ಸಲೀಸು. ಇಲ್ಲದವರಿಗೆ ಎರಡು ದಾಖಲೆ ಬೇಕು: ನಾಗರಿಕತಾ, ಮತ್ತು ಭಾರತದಲ್ಲಿರುವ ನೇಪಾಳದ ದೂತಾವಾಸ ಕೊಡುವ ನಿಗದಿತ ಅವಧಿಯ ಫೋಟೊ ಗುರುತಿನ ಪತ್ರ. ತೊಡಕಿರುವುದು ಈ ಎರಡನೆಯದರಲ್ಲಿ. ರಾಯಭಾರ ಕಚೇರಿ ದೆಹಲಿಯಲ್ಲಿದೆ, ಮಹಾ ದೂತಾವಾಸ ಕೋಲ್ಕತ್ತದಲ್ಲಿದೆ. ವಾರದ ರಜೆಯೂ ಸರಿಯಾಗಿ ಸಿಗದ ಕಾವಲುಗಾರ ಒಂದು ಚೀಟಿಗಾಗಿ ದೆಹಲಿಗೆ ಹೋಗಿಬರಬೇಕೆಂದರೆ ಒಂದು ವಾರದ ಸಂಬಳ, ರೈಲಿನ ಖರ್ಚು, ಕೆಲವೊಮ್ಮೆ ಕೆಲಸವೂ ಹೋಗುತ್ತದೆ. ಅಲ್ಲಿಗೆ ದಲ್ಲಾಳಿ ಬರುತ್ತಾನೆ. ಡಾರ್ಜಿಲಿಂಗಿನದೋ ಸಿಕ್ಕಿಂನದೋ ವಿಳಾಸ ಹಾಕಿಸಿ ಭಾರತೀಯನೆಂದು ತೋರಿಸುವ ಕಾಗದ ಮಾಡಿಸಿಕೊಡುತ್ತಾನೆ. ಅದು ಅಪರಾಧ. ನೇಪಾಳದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಂಥವನಿಗೆ ತನ್ನ ಊರಿನಲ್ಲೂ ತೊಂದರೆ. ದಲ್ಲಾಳಿಯ ಬಳಿ ಹೋದವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸರಿಯಾದ ದಾರಿ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿದ್ದು ತಪ್ಪು ದಾರಿ ಪಕ್ಕದ ಬೀದಿಯಲ್ಲೇ ಇದ್ದರೆ ಏನಾಗುತ್ತದೆಂದು ಯಾರು ಬೇಕಾದರೂ ಊಹಿಸಬಹುದು.

ಈಗ ಪಿಎಫ್ ವಿಷಯ. 1950ರ ಒಪ್ಪಂದದ ಕಾರಣಕ್ಕೆ ನೇಪಾಳಿ ಕಾರ್ಮಿಕನನ್ನು ಭವಿಷ್ಯ ನಿಧಿ ಸಂಘಟನೆ ‘ಅಂತರರಾಷ್ಟ್ರೀಯ ಕಾರ್ಮಿಕ’ ಎಂದು ನೋಡುವುದಿಲ್ಲ, ಭಾರತೀಯ ಕಾರ್ಮಿಕನೆಂದೇ ಪರಿಗಣಿಸುತ್ತದೆ. ಒಳ್ಳೆಯ ನಿಲುವು. ತಿಂಗಳಿಗೆ 15,000 ರೂಪಾಯಿ ಲೆಕ್ಕದಲ್ಲಿ ಕಾರ್ಮಿಕನ ಪಾಲು ಶೇ 12, ಅಂದರೆ 1,800. ಮಾಲೀಕನ ಪಾಲಿನಲ್ಲಿ 1,250 ಪಿಂಚಣಿಗೆ ಹೋಗಿ 550 ಪಿಎಫ್‌ಗೆ ಸೇರುತ್ತದೆ. ಐದು ವರ್ಷ ದುಡಿದವನ ಪಿಎಫ್ ಖಾತೆಯಲ್ಲಿ ಬಡ್ಡಿ ಬಿಟ್ಟು 1,41,000 ರೂಪಾಯಿ ಇರಬೇಕು. ಗುಡ್ಡಗಾಡಿನ ಹಳ್ಳಿಯಲ್ಲಿ ಅದು ಮನೆಗೆ ತಗಡು ಹೊದಿಸುವ, ಮಗಳ ಓದು ಮುಗಿಸುವ ದುಡ್ಡು.

ಇದು ಕೈಗೆ ಬರಬೇಕಾದರೆ ಪಿಎಫ್ ಸದಸ್ಯನ ಖಾಯಂ ಸಂಖ್ಯೆಯಾದ ಯುಎಎನ್‌ಗೆ ಆಧಾರ್ ಜೋಡಣೆಯಾಗಿರಬೇಕು, ಹೆಸರು-ತಾರೀಕು ಹೊಂದಬೇಕು, ಐಎಫ್‌ಎಸ್‌ಸಿ (ಶಾಖೆಯ ಗುರುತಿನ ಸಂಕೇತ) ಇರುವ ಭಾರತದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿರಬೇಕು, ಒಟಿಪಿ ಬರುವ ಭಾರತದ ಮೊಬೈಲ್ ನಂಬರು ಉಳಿದಿರಬೇಕು. ಊರಿಗೆ ಮರಳಿದವನ ಸಿಮ್ ರೀಚಾರ್ಜ್ ಇಲ್ಲದೆ ಕೆಲವೇ ತಿಂಗಳಲ್ಲಿ ಬೇರೆಯವರ ಪಾಲಾಗುತ್ತದೆ, ಖಾತೆ ನಿಷ್ಕ್ರಿಯವಾಗುತ್ತದೆ. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ದುಡ್ಡು ಅಲ್ಲೇ ನಿಲ್ಲುತ್ತದೆ. ಆಧಾರ್ ಇಲ್ಲದ, ಭಾರತದಲ್ಲಿ ವಾಸವಿಲ್ಲದ ನೇಪಾಳ ಮತ್ತು ಭೂತಾನದ ಪ್ರಜೆಗಳಿಗೆ ಆಧಾರ್ ಜೋಡಣೆಯಿಂದ ವಿನಾಯಿತಿ ಕೊಡುವ ಸುತ್ತೋಲೆಯನ್ನು ಸಂಘಟನೆ 2024ರಲ್ಲಿ ಹೊರಡಿಸಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕೊನೆಯ ಕೊಂಡಿ, ಅಂದರೆ ಹಣ ಯಾವ ಖಾತೆಗೆ ಹೋಗಬೇಕು ಎಂಬುದು, ಇನ್ನೂ ಭಾರತದ ಬ್ಯಾಂಕಿಗೇ ಕಟ್ಟಿಹಾಕಿಕೊಂಡಿದೆ. ಪಿಂಚಣಿಯ ಕಥೆ ಇನ್ನೂ ಬೇಸರದ್ದು. 10 ವರ್ಷ ತುಂಬಿದವನು 58ಕ್ಕೆ ಪಿಂಚಣಿಗೆ ಅರ್ಹ. ಆದರೆ ಅದನ್ನು ನೇಪಾಳದ ಪ್ಯೂಠಾನಿನಲ್ಲೋ ಡೋಟಿಯಲ್ಲೋ ಕುಳಿತು ಪಡೆಯುವ ಸರಳ ದಾರಿ ಇಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಜರ್ಮನಿಗೋ ಬೆಲ್ಜಿಯಂಗೋ ಕಂಪನಿಯ ಕೆಲಸದ ಮೇಲೆ ಹೋದರೆ ಇದೇ ಪಿಎಫ್ ಸಂಘಟನೆ ಅವರಿಗೆ ‘ವ್ಯಾಪ್ತಿ ಪ್ರಮಾಣಪತ್ರ’ ಕೊಡುತ್ತದೆ. ಎರಡು ಕಡೆ ವಂತಿಗೆ ಕಟ್ಟುವುದು ತಪ್ಪುತ್ತದೆ. ಅಲ್ಲಿನ ವ್ಯವಸ್ಥೆಯಲ್ಲಿ ದುಡಿದ ವರ್ಷಗಳನ್ನು ಇಲ್ಲಿನದರ ಜತೆ ಕೂಡಿಸಿ ಪಿಂಚಣಿಯ ಅರ್ಹತೆ ನೋಡುತ್ತಾರೆ. ಭಾರತ ಸುಮಾರು 20 ದೇಶಗಳ ಜತೆ ಇಂಥ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಗಡಿಯನ್ನೇ ತೆರೆದಿಟ್ಟಿರುವ ನೇಪಾಳದ ಜತೆ ಮಾತ್ರ ಇಲ್ಲ. ಯುರೋಪಿನ ಒಕ್ಕೂಟ ಈ ಪಾಠವನ್ನು ಬೇಗ ಕಲಿತಿತು: ಜನ ಓಡಾಡಬಹುದು ಎಂದು ಹೇಳಿದ ಮೇಲೆ, ಒಂದು ಸಮಯಕ್ಕೆ ಒಂದೇ ದೇಶದ ವಂತಿಗೆ, ದುಡಿದ ಅವಧಿಗಳ ಕೂಡಿಕೆ, ಪಿಂಚಣಿ ಗಡಿ ದಾಟುವ ಹಕ್ಕು ಇವು ಮೂರನ್ನೂ ನಿಯಮವಾಗಿ ಬರೆಯಿತು.

ಹಣ ಮುಟ್ಟಿಸುವ ಯಂತ್ರವೇ ಇಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಭಾರತೀಯ ಸೇನೆಯ ಗೂರ್ಖಾ ಯೋಧರಿಗೆ ಕಾಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಪಿಂಚಣಿ ಪಾವತಿ ಕಚೇರಿಗಳಿವೆ. ಹಳ್ಳಿಯ ಮುದುಕನಿಗೆ ಭಾರತದ ಪಿಂಚಣಿ ತಲುಪಿಸುವುದು ಹೇಗೆಂದು ನಮ್ಮ ಸರ್ಕಾರಕ್ಕೆ ಬಹಳ ಹಿಂದೆಯೇ ಗೊತ್ತು. ರಿಸರ್ವ್ ಬ್ಯಾಂಕಿನ ಭಾರತ-ನೇಪಾಳ ಹಣ ರವಾನೆ ಯೋಜನೆಯೂ 2008ರಿಂದ ನಡೆಯುತ್ತಿದೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಎನ್‌ಇಎಫ್‌ಟಿ ಸೌಲಭ್ಯ ಇರುವ ಶಾಖೆಯಿಂದ ಕಳುಹಿಸಿದ ಹಣ ನೇಪಾಳದ ಖಾತೆಗೆ ಸೇರುತ್ತದೆ, ಖಾತೆ ಇಲ್ಲದವರಿಗೆ ನಗದಾಗಿಯೂ ಸಿಗುತ್ತದೆ. 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ, ವಿನಿಮಯದ ಏರಿಳಿತದ ಭಯವಿಲ್ಲ. ಪಿಎಫ್ ಸಂಘಟನೆ ತನ್ನ ಪಾವತಿಯನ್ನು ಇದೇ ಕಾಲುವೆಗೆ ತಿರುಗಿಸಬೇಕಷ್ಟೆ.

ಈ ರವಾನೆ ಯೋಜನೆಯನ್ನು ಶಾಖೆಗಳ ಸಿಬ್ಬಂದಿಗೂ ನೆನಪಿಸಬೇಕಾಗಿದೆ. 2021ರ ಅಕ್ಟೋಬರ್‌ನಿಂದ ಖಾತೆಯ ಮೂಲಕ ಒಂದು ಸಲಕ್ಕೆ 2 ಲಕ್ಷದವರೆಗೆ ಕಳುಹಿಸಬಹುದು, ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿಯಿಲ್ಲ. ಖಾತೆಯಿಲ್ಲದೆ ನಗದು ಕಟ್ಟುವವರಿಗೆ ಮಾತ್ರ 50,000ದ ಮಿತಿ, ವರ್ಷಕ್ಕೆ 12 ಸಲ. ಕೌಂಟರಿನಲ್ಲಿ ‘ನಮ್ಮಲ್ಲಿ ಇಲ್ಲ’ ಎನ್ನಿಸಿಕೊಂಡವನು ದುಡ್ಡನ್ನು ಬ್ಯಾಂಕಿನ ಹೊರಗೆ ಗುಟ್ಟಾಗಿ ಹಣ ಸಾಗಿಸುವ ಹುಂಡಿಯವರಿಗೆ ಕೊಡುತ್ತಾನೆ, ಇಲ್ಲವೇ ಸೊಂಟಕ್ಕೆ ಕಟ್ಟಿಕೊಂಡು ರೈಲು ಹತ್ತುತ್ತಾನೆ. 2016ರಲ್ಲಿ ರದ್ದಾದ 500, 1,000ದ ನೋಟುಗಳು ನೇಪಾಳದ ಮನೆಗಳಲ್ಲಿ ಬದಲಾಗದೆ ಉಳಿದವು. 2018ರ ಡಿಸೆಂಬರ್‌ನಲ್ಲಿ ನೇಪಾಳ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಎರಡು ಸಲವೂ ಪೆಟ್ಟು ತಿಂದವರು ನಗದು ಹೊತ್ತೊಯ್ದವರೇ. ಯುಪಿಐಯನ್ನು ನೇಪಾಳದ ಪಾವತಿ ಜಾಲಕ್ಕೆ ಜೋಡಿಸಲು ಎರಡೂ ದೇಶಗಳ ಕೇಂದ್ರ ಬ್ಯಾಂಕುಗಳು 2024ರ ಫೆಬ್ರುವರಿಯಲ್ಲಿ ಕಾಗದಕ್ಕೆ ಸಹಿ ಹಾಕಿವೆ. ಪ್ರವಾಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವ ಸೌಲಭ್ಯಕ್ಕಿಂತ ಮೊದಲು, ಕಾರ್ಮಿಕ ತನ್ನ ತಾಯಿಯ ಖಾತೆಗೆ ಕಳುಹಿಸುವ ಸೌಲಭ್ಯ ಪೂರ್ಣವಾಗಲಿ.

ಕೆಲಸದಲ್ಲಿ ಸಾವು ಸಂಭವಿಸಿದಾಗ ಆಗುವ ಅನ್ಯಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಪೌರತ್ವದ ಷರತ್ತಿಲ್ಲ. ಸಾವಿನ ಪರಿಹಾರ ಎಂದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸಿದ ಮೊತ್ತ. ಕೂಲಿಯನ್ನು 15,000ಕ್ಕೆ ಹಿಡಿದರೆ, 30 ವರ್ಷದವನಿಗೆ ಗುಣಕ 207.98; 7,500ರಿಂದ ಗುಣಿಸಿದರೆ 15,59,850 ರೂಪಾಯಿ. ಕಾರ್ಮಿಕರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯಲ್ಲಿದ್ದರೆ ಇದರ ಬದಲು ಅವಲಂಬಿತರಿಗೆ ತಿಂಗಳ ಪಿಂಚಣಿ. ವಾಸ್ತವದಲ್ಲಿ ನಡೆಯುವುದೇನು? ಗುತ್ತಿಗೆದಾರ ಮಣ್ಣಿನ ಖರ್ಚೆಂದು ಒಂದಷ್ಟು ನಗದು ಕೊಟ್ಟು, ಅಣ್ಣನೋ ಊರಿನವನೋ ಒಬ್ಬನಿಂದ ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಂಡು, ಶವವನ್ನು ಆಂಬುಲೆನ್ಸಿನಲ್ಲಿ ಗಡಿಗೆ ಕಳುಹಿಸಿಬಿಡುತ್ತಾನೆ. ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕೆಂಬುದು ಕಾನೂನು. ಹಾಗೆ ಇಡದೆ ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರದ ಪಾವತಿ ಎನಿಸುವುದಿಲ್ಲ. ಮರಣೋತ್ತರ ಪರೀಕ್ಷೆಯ ವರದಿ, ಎಫ್‌ಐಆರ್ ಪ್ರತಿ, ಮರಣ ಪ್ರಮಾಣಪತ್ರ ಈ ಮೂರೂ ಕೈಗೆ ಬರುವ ಮೊದಲೇ ಕುಟುಂಬದವರು ಊರು ಬಿಟ್ಟರೆ ಆಮೇಲೆ ಅಲ್ಲಿಂದ ತರಿಸಿಕೊಳ್ಳುವುದು ಬಹಳ ಕಷ್ಟ. ಹೆಂಡತಿ-ಮಕ್ಕಳು ಅವನವರೇ ಎಂದು ತೋರಿಸಲು ನೇಪಾಳದ ವಾರ್ಡ್ ಕಚೇರಿ ಕೊಡುವ ‘ನಾತಾ ಪ್ರಮಾಣಿತ್’ ಪತ್ರ ಬೇಕು. ವಯಸ್ಸು ಒಂದು ವರ್ಷ ಹೆಚ್ಚು ಬರೆದಿದ್ದರೆ ಗುಣಕ ಇಳಿದು ಪರಿಹಾರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಡಿತ. ಮೇಲೆ ಹೇಳಿದ 56-57ರ ತಪ್ಪು ಇಲ್ಲಿ ವಿಧವೆಯ ತಲೆಗೆ ಬರುತ್ತದೆ.

ಹೊರದೇಶಕ್ಕೆ ದುಡಿಯಲು ಹೋಗುವ ತನ್ನ ಪ್ರಜೆಗಳಿಗಾಗಿ ನೇಪಾಳ ಶ್ರಮ ಸ್ವೀಕೃತಿ (ಹೊರಗೆ ದುಡಿಯಲು ಸರ್ಕಾರ ಕೊಡುವ ಅನುಮತಿ), ವಿಮೆ, ಕಲ್ಯಾಣ ನಿಧಿ ಇಟ್ಟಿದೆ. ಭಾರತಕ್ಕೆ ಬರುವವರಿಗೆ ಶ್ರಮ ಸ್ವೀಕೃತಿ ಬೇಕಿಲ್ಲವಾದ್ದರಿಂದ ಅವರು ಆ ನಿಧಿಯ ಹೊರಗೆ ಉಳಿಯುತ್ತಾರೆ. ಕತಾರಿನಲ್ಲಿ ಸತ್ತವನ ಮನೆಗೆ ಸಿಗುವ ನೆರವು ಬೆಂಗಳೂರಿನಲ್ಲಿ ಸತ್ತವನ ಮನೆಗೆ ಸಿಗುವುದಿಲ್ಲ. ಇದು ಕಾಠ್ಮಂಡು ಸರಿಪಡಿಸಬೇಕಾದ ವಿಷಯ. ಮುಂದಿನ ದ್ವಿಪಕ್ಷೀಯ ಮಾತುಕತೆಯಲ್ಲಿ ವಿದೇಶಾಂಗ ಸಚಿವಾಲಯ ಇದನ್ನು ಎತ್ತಲಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಕಾನೂನು ಕೇಳುವುದು 18ರಿಂದ 60ರ ವಯಸ್ಸು ಮತ್ತು ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ, ಅಷ್ಟೇ. ಅರ್ಜಿಯ ನಮೂನೆ ಕಾನೂನಿಗಿಂತ ಹೆಚ್ಚು ಕೇಳಬಾರದು. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ 10ನೇ ಕಲಂ ಕಾವಲುಗಾರನು ಭಾರತದ ಅಥವಾ ಕೇಂದ್ರ ಅಧಿಸೂಚಿಸಿದ ದೇಶದ ಪ್ರಜೆಯಾಗಿರಬೇಕು ಎನ್ನುತ್ತದೆ. ನೇಪಾಳಿ ಪ್ರಜೆಗೆ ಅದು ಹೇಗೆ ಅನ್ವಯ ಎಂಬುದನ್ನು ಗೃಹ ಇಲಾಖೆಯಿಂದ ಬರೆಸಿ ಪ್ರತಿ ಪರವಾನಗಿದಾರನಿಗೂ ಕಳುಹಿಸಿ. ಅಸ್ಪಷ್ಟತೆ ಇದ್ದಷ್ಟು ದಿನ ‘ನಿನ್ನ ಹೆಸರು ಪುಸ್ತಕದಲ್ಲಿ ಬರೆಯಲಾಗದು, ಕೈಗೆ ಕೊಡುತ್ತೇನೆ’ ಎನ್ನುವವರಿಗೆ ಅನುಕೂಲ.

ಮಕ್ಕಳ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷದ ಮಗು, ಪೌರತ್ವದ ಮಾತೇ ಇಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ಕಾಯಿಸುವಂತಿಲ್ಲ. ಇಲ್ಲೇ ಹುಟ್ಟಿದ ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಿ, ತಂದೆ-ತಾಯಿಯ ಹೆಸರನ್ನು ಅವರ ನಾಗರಿಕತಾದಲ್ಲಿರುವ ಅಕ್ಷರಗಳಲ್ಲೇ ಬರೆಸಬೇಕು. ಆಸ್ಪತ್ರೆಯವರು ಕಿವಿಗೆ ಬಿದ್ದಂತೆ ಬರೆದ ಹೆಸರು, 16 ವರ್ಷದ ನಂತರ ಆ ಮಗು ನೇಪಾಳದಲ್ಲಿ ಪೌರತ್ವ ಕೇಳಿದಾಗ ಅಡ್ಡ ನಿಲ್ಲುತ್ತದೆ.

ತೆರೆದ ಗಡಿಯ ಬಗ್ಗೆ ಭದ್ರತೆಯ ಆತಂಕ ಇರುವವರ ಮಾತನ್ನು ನಾವು ಹಗುರವಾಗಿ ನೋಡುವುದಿಲ್ಲ. ಹೆಣ್ಣುಮಕ್ಕಳ ಕಳ್ಳಸಾಗಣೆ ಈ ಗಡಿಯ ನಿಜವಾದ ಗಾಯ. ಆದರೆ ಕಾಗದವಿಲ್ಲದ ಕಾರ್ಮಿಕನನ್ನು ಹುಡುಕುವುದು ಪೊಲೀಸರಿಗೂ ಕಷ್ಟ, ಮೋಸ ಮಾಡುವುದು ದಲ್ಲಾಳಿಗೆ ಸುಲಭ. ಸರಿಯಾದ ಹೆಸರಿನಲ್ಲಿ ಪಿಎಫ್, ಬ್ಯಾಂಕು, ಶಾಲೆಯ ದಾಖಲೆ ಇರುವವನು ಎಲ್ಲರಿಗೂ ಗುರುತಿರುವವನು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಧಾರ್ಚುಲಾದ ಬಳಿ ಮಹಾಕಾಳಿ ನದಿಯ ಈಚೆ ದಡದಲ್ಲಿ ನೇಪಾಳಿ ಕಾರ್ಮಿಕರು ಸಿಕ್ಕಿಬಿದ್ದರು, ಕೆಲವರು ಆ ಚಳಿಯ ನೀರಿಗೆ ಧುಮುಕಿ ಈಜಿ ದಾಟಿದರು. ಎಷ್ಟು ಜನ ಎಲ್ಲಿದ್ದಾರೆ ಎಂಬ ಲೆಕ್ಕ ಎರಡೂ ಸರ್ಕಾರಗಳ ಬಳಿ ಇರಲಿಲ್ಲ.

ಓಡಾಟ ಒಂದೇ ಕಡೆಯದೂ ಅಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕನ್ನಡನಾಡಿನಿಂದ ಹೋದವರು. ಮುಕ್ತಿನಾಥಕ್ಕೆ ನಮ್ಮ ಯಾತ್ರಿಕರು ಹೋಗುತ್ತಲೇ ಇರುತ್ತಾರೆ. ವಿದ್ವಾಂಸರು, ಮಾಜಿ ರಾಯಭಾರಿಗಳಿದ್ದ ಎರಡು ದೇಶಗಳ ಗಣ್ಯರ ತಂಡ 1950ರ ಒಪ್ಪಂದವನ್ನೂ ಪರಿಶೀಲಿಸಿ 2018ರಲ್ಲಿ ವರದಿ ಸಿದ್ಧಪಡಿಸಿತು. ಅದನ್ನು ಸರ್ಕಾರಗಳು ಸ್ವೀಕರಿಸದೆ ವರ್ಷಗಳೇ ಕಳೆದವು. ಆ ದೊಡ್ಡ ಚರ್ಚೆ ತನ್ನ ಗತಿಯಲ್ಲಿ ನಡೆಯಲಿ.

ಅಲ್ಲಿಯವರೆಗೆ ಕಾಯದೆ ಆಗಬಹುದಾದ ಒಂದು ಕೆಲಸದಿಂದ ಶುರುಮಾಡಿ. ನೇಪಾಳದ ದೂತಾವಾಸವನ್ನು ಕೋರಿ ವರ್ಷಕ್ಕೆ ಎರಡು ಸಲ ಬೆಂಗಳೂರಿನಲ್ಲಿ ಗುರುತಿನ ಪತ್ರದ ಶಿಬಿರ ನಡೆಸಿ. ದಸರೆಗೆ ಬಹುತೇಕರು ಊರಿಗೆ ಹೋಗುವುದರಿಂದ ಆ ತಿಂಗಳು ಬೇಡ. ಫೆಬ್ರುವರಿ ಮತ್ತು ಜುಲೈ ಒಳ್ಳೆಯದು. ಕಾವಲುಗಾರರ ಪಾಳಿ 12 ಗಂಟೆಯದಾದ್ದರಿಂದ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ತೆರೆದಿರಲಿ. ಒಂದೇ ಸೂರಿನಡಿ ದೂತಾವಾಸದ ಮೇಜು, ಆಧಾರ್ ಮೇಜು, ಬ್ಯಾಂಕಿನ ಮೇಜು, ಪಿಎಫ್ ಹೆಸರು ತಿದ್ದುಪಡಿಯ ಮೇಜು ಇದೇ ಕ್ರಮದಲ್ಲಿರಲಿ, ಏಕೆಂದರೆ ಮೊದಲಿನದು ಸಿಗದೆ ಮುಂದಿನದು ಆಗುವುದಿಲ್ಲ. ಪ್ರತಿ ಮೇಜಿನ ಮೇಲೂ ಆ ತಾರೀಕಿನ ಕೋಷ್ಟಕದ ಒಂದೊಂದು ಪ್ರತಿ ಇರಲಿ, ನೇಪಾಳಿ ಓದಬಲ್ಲ ಒಬ್ಬರು ಇರಲಿ. ಕಾಗದ ಜೋಡಿಸುವ, ಅರ್ಜಿ ತುಂಬುವ ಕೆಲಸಕ್ಕೆ ನಾವು ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವಲಸೆ ಕಾರ್ಮಿಕರ ದಾಖಲೆ ಕೆಲಸದಲ್ಲಿ ತೊಡಗಿರುವವರು, ಬೆಂಗಳೂರು